ರಬ್ಬರಿನಿಂದ ಉಜ್ಜಿದ ಮೆಮೊರಿ

ಎರಡು ವರ್ಷದ ಹಿಂದಿನ ಮಾತು. ಕೋಲಾರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಈ ಕೆಲಸದಲ್ಲೇ ಕೂದಲು ನರೆತಿದೆ. ಒಂದು ದಿನ ಮುಳಬಾಗಿಲಿನ ಬಳೆ ವ್ಯಾಪಾರಿ ಬಾಷಾ ಸಾಬ್ರು ತಮ್ಮ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು.

ಕೆಲಸ ಮಾಡುತ್ತಿದ್ದ ಹಾಗೇ ನೀಲಿ ಪರದೆ ಬಂದು ನಿಂತುಹೋಗುತ್ತಿತ್ತಂತೆ. ಏನು ಕೆಟ್ಟರೂ ಕರೆಂಟಿನ ತಲೆಗೆ ಕಟ್ಟುವುದು ನಮ್ಮ ಕಡೆಯವರ ಅಭ್ಯಾಸ. ಸಾಬ್ರೂ ಯುಪಿಎಸ್ ಬದಲಿಸಿದ್ದರು. ಊರಿನ ಮೆಕ್ಯಾನಿಕ್ ಪ್ರತಿ ಸಲ ಮೆಮೊರಿಯ ಪಟ್ಟಿಯಾದ ರ‍್ಯಾಮ್ ಕಿತ್ತು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಿ ಕಳಿಸುತ್ತಿದ್ದ. ನಾಲ್ಕು ದಿನ ಓಡುತ್ತಿತ್ತು. ಅಂಚಿನ ಕೊಳೆ ಹೋಗುತ್ತದೆ, ನಿಜ. ಒಳಗಿನ ಚಿಪ್ ಕೆಟ್ಟಿದ್ದರೆ ಉಜ್ಜಿ ಬರುವುದೇನು, ಮಣ್ಣು!

“ಮಷೀನು ಹೋದ್ರೆ ಹೋಗ್ಲಿ ರಾಜಣ್ಣ,” ಅಂದರು ಸಾಬ್ರು. “ಒಳಗೆ ನಮ್ಮ ಆಪಾ ಹಾಡವೆ. ಅವಿಷ್ಟು ಉಳಿಸ್ಕೊಡಿ.”

ಆಪಾ ಅವರ ಅಕ್ಕ. ಅವರ ಬೀದಿಯ ಯಾವ ಮದುವೆಯಾದರೂ ಮೆಹಂದಿಯ ದಿನ ದಖನಿ ಉರ್ದು ಹಾಡು ಹೇಳುತ್ತಿದ್ದವರು ಅವರೇ. ಎಲ್ಲಿಯೂ ಬರೆದಿಟ್ಟಿದ್ದಲ್ಲ. ಸಾಬ್ರು ಅವನ್ನು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಆಮೇಲೆ ಲಕ್ವ ಹೊಡೆದು ಆಪಾರ ಮಾತೇ ನಿಂತಿತು. ಆ ಫೋನೂ ಕೆಟ್ಟು ಹೋಗಿತ್ತು. ಹಾಡುಗಳೆಲ್ಲ ಕಂಪ್ಯೂಟರಿನಲ್ಲಿ ಒಂದೇ ಗಂಟಾಗಿ ಕಟ್ಟಿದ ಜಿಪ್ ಫೈಲಾಗಿದ್ದವು. ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬಂದು, ಫೈಲು ಬಿಚ್ಚಿ, ಅಕ್ಕನಿಗೆ ಒಂದು ಹಾಡು ಕೇಳಿಸಿ, ಮತ್ತೆ ಹೊಸದಾಗಿ ಕಟ್ಟಿ, ಪೆನ್ ಡ್ರೈವಿನಲ್ಲಿದ್ದ ಹಳೆಯದರ ಮೇಲೆ ಅದನ್ನೇ ಹಾಕಿಡುತ್ತಿದ್ದರು. ಅಷ್ಟು ಜೋಪಾನ.

ನೀಲಿ ಪರದೆಯಲ್ಲಿ ಪ್ರತಿ ಸಲವೂ ಬೇರೆ ಬೇರೆ ತಪ್ಪು ಕಾಣಿಸುತ್ತಿತ್ತು. ಹಾಗಾದರೆ ಮೊದಲು ಮೆಮೊರಿಯನ್ನೇ ಅನುಮಾನಿಸಬೇಕು. ಎರಡು ರ‍್ಯಾಮುಗಳನ್ನೂ ಒಂದೊಂದಾಗಿ ಹಾಕಿ ಮೆಮೊರಿ ಟೆಸ್ಟ್ ಓಡಿಸಿದೆ. ಮೊದಲನೆಯದು ಪಾಸಾಯಿತು. ಎರಡನೆಯದು ಹಾಕಿದ್ದೇ ಪರದೆ ತುಂಬ ಕೆಂಪು ಸಾಲು. ಫೈಲು ಕಟ್ಟುವಾಗಲೂ ಕಾಪಿ ಮಾಡುವಾಗಲೂ ಎಲ್ಲವೂ ಈ ಮೆಮೊರಿಯ ಮೂಲಕವೇ ಹಾಯಬೇಕು. ಇದು ಕೆಟ್ಟಿದ್ದರೆ ಹಾಯ್ದದ್ದೂ ಕೆಡುತ್ತದೆ, ಅದೂ ಸದ್ದಿಲ್ಲದೆ. ಪೆನ್ ಡ್ರೈವನ್ನು ನನ್ನ ಕಂಪ್ಯೂಟರಿಗೆ ಹಾಕಿ ನೋಡಿದೆ. ಫೈಲು ಬಿಚ್ಚಲಿಲ್ಲ. ಅವರ ಹಾರ್ಡ್ ಡಿಸ್ಕಿನಲ್ಲಿದ್ದದ್ದೂ ಅಷ್ಟೇ.

“ಪ್ರತಿ ವಾರ ಹೊಸದು ಮಾಡಿಟ್ಟಿದ್ದೀನಲ್ಲ?” ಅಂದರು ಸಾಬ್ರು.

“ಅದಕ್ಕೇ ಹೋಗಿದ್ದು, ಸಾಬ್ರೇ. ಕೆಟ್ಟ ಮೆಮೊರೀಲಿ ಕಟ್ಟಿದ್ದನ್ನೇ ಒಳ್ಳೇದರ ಮೇಲೆ ಹಾಕಿದ್ದೀರಿ.”

ಸಾಬ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು.

ಹಾರ್ಡ್ ಡಿಸ್ಕನ್ನೆಲ್ಲ ಜಾಲಾಡಿದ ಮೇಲೆ ಅರ್ಧ ಹಾಡು ಸಿಕ್ಕಿತು. ನಾನೇ ಮುಳಬಾಗಿಲಿಗೆ ಒಯ್ದೆ. ಆಪಾ ಮಂಚದ ಮೇಲೆ ಒರಗಿ ಕೂತಿದ್ದರು. ಹಾಡು ಶುರುವಾಗುತ್ತಲೇ ಸ್ವಾಧೀನವಿದ್ದ ಎಡಗೈಯಿಂದ ಮಂಚದ ಪಟ್ಟಿಯ ಮೇಲೆ ತಾಳ ಹಾಕತೊಡಗಿದರು. ಸಾಲಿನ ನಡುವೆಯೇ ಹಾಡು ನಿಂತಿತು. ತಾಳ ನಿಲ್ಲಲಿಲ್ಲ. ಆಮೇಲೆ ನನ್ನ ಕಡೆ ನೋಡಿ, ಮುಂದಿನದು ಹಾಕು ಅನ್ನುವಂತೆ ಕೈ ತಿರುಗಿಸಿದರು. ಸಾಬ್ರು ಗೋಡೆಯ ಕಡೆ ಮುಖ ಮಾಡಿದರು. ನಾನು ಹೊರಗೆ ಬಂದು ಅತ್ತುಬಿಟ್ಟೆ.

ಓಡುವ ಮಷೀನೆಲ್ಲ ನೆಟ್ಟಗಿರುವ ಮಷೀನಲ್ಲ. ಈಗ ಯಾರೇ ಬರಲಿ, ಮೆಮೊರಿ ಪರೀಕ್ಷಿಸುವ ತನಕ ಒಂದು ಫೈಲನ್ನೂ ಮುಟ್ಟಲು ಬಿಡುವುದಿಲ್ಲ. ತಡವಾಯಿತೆಂದು ಗಿರಾಕಿಗಳು ಬೈಯುತ್ತಾರೆ. ಬೈಯಲಿ. ಮುಂದಿನ ಸಾಲಿಗೆ ಕಾಯುವ ಇನ್ನೊಂದು ಕೈಯನ್ನು ನನ್ನಿಂದ ನೋಡಲಾಗದು.