ಕೆಂಪಿ ಮರಿ ಹಾಕಿದ ನೋಟುಬುಕ್ಕು

"ಬ್ಯಾಸಗಿ ಬಂತಂದ್ರ ಮಂದಿ ನೆರಳ ಹುಡುಕ್ತಾರ, ನಮ್ಮ ಕೌಸಲ್ಯಾಬಾಯೋರು ಕುರಿ ಹುಡುಕ್ತಾರ."

ಮೈಲೂರಿನ ಓಣಿಯಲ್ಲಿ ಹೀಗೆ ಅಂದು ನಗುವವರೂ ಕೊನೆಗೆ "ದೇವರಂಥಾ ಹೆಣ್ಮಗಳು" ಎಂದು ಸೇರಿಸುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಬಾಯಿಯವರು ತಲೆ ತಗ್ಗಿಸಿ ಒಳಗೆ ಹೋಗಿಬಿಡುವರು. ಜನ ಅದನ್ನು ಸಂಕೋಚ ಅಂದುಕೊಂಡರು.

ಔರಾದ ಕಡೆ ಕುರಿ ಸಾಕುವವರ ಮಕ್ಕಳು ಸಾಲೆಗೆ ಬೇಸಿಗೆ ಸೂಟಿ ಬಿಟ್ಟೊಡನೆ ಅಪ್ಪ-ಅವ್ವನ ಸಂಗಡ ಹಿಂಡಿನ ಹಿಂದೆ ಹೊರಡುತ್ತವೆ. ಬಿತ್ತುವ ಮುಂಚೆ ಹೊಲದಲ್ಲಿ ಕುರಿ ಮಲಗಿಸಿದರೆ ಹಿಕ್ಕೆಯೇ ಗೊಬ್ಬರ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಎರಡು ತಿಂಗಳು ಹೀಗೆ ತಿರುಗಿದರೆ ಕಲಿತ ಅಕ್ಷರವೂ ದಾರಿಯಲ್ಲೇ ಉದುರಿಹೋಗುತ್ತದೆ. ಟೀಚರ್ ನೌಕರಿ ಮುಗಿದ ಮೇಲೂ ಬಾಯಿಯವರು ಚೀಲದಲ್ಲಿ ಪಾಟಿ-ಬಳಪ ತುಂಬಿಕೊಂಡು, ಹಿಂಡು ಎಲ್ಲಿದೆ ಎಂದು ಬಸ್ಸಿನ ಕಂಡಕ್ಟರನ್ನು ಕೇಳಿಕೊಂಡು ಹೋಗುವರು. ಬೇವಿನ ಗಿಡದ ಕೆಳಗೆ ಎರಡು ತಾಸು ಪಾಠ. ಏಳುವಾಗ ಒಂದೇ ಪ್ರಶ್ನೆ: "ಸಿದ್ದೇಶ್ವರಿ ಅಂತ ಯಾರರೆ ಗೊತ್ತದ ಏನ್ರಿ?"

ಆ ಸಿದ್ದೇಶ್ವರಿಯ ಕತೆ ಹದಿನೈದು ವರ್ಷದ ಹಿಂದಿನದು. ಬಾಯಿಯವರು ಆಗ ಔರಾದ ತಾಲೂಕಿನ ಹಳ್ಳಿಯೊಂದರಲ್ಲಿ ಟೀಚರು. ಸೂಟಿಯಲ್ಲಿ ಇಪ್ಪತ್ತರ ತನಕ ಮಗ್ಗಿ ಬರೆದು ತರಲು ಹೇಳಿದ್ದರು. ನಾಲ್ಕನೆಯ ಇಯತ್ತೆಯ ಸಿದ್ದೇಶ್ವರಿ ತಂದ ನೋಟುಬುಕ್ಕಿನಲ್ಲಿ ಮಗ್ಗಿ ಇರಲಿಲ್ಲ. "ಕೆಂಪಿ ಮರಿ ಹಾಕಿತು. ಮರಿ ಹಾಲು ಕುಡಿಯಲಿಲ್ಲ. ನಾನು ಬೆರಳು ಚೀಪಿಸಿದೆ." ಪುಟಗಟ್ಟಲೆ ಇದೇ.

ಎಲ್ಲ ಮಾಸ್ತರರ ನಾಲಿಗೆಯ ತುದಿಯಲ್ಲಿರುವ ಮಾತು ಅವರ ನಾಲಿಗೆಯಿಂದಲೂ ಜಾರಿತು: "ಸಾಲಿ ಯಾಕ ಬೇಕು ನಿನಗ? ಕುರಿ ಕಾಯಲಾಕ ಹೋಗು!"

ಇಡೀ ವರ್ಗ 'ಬ್ಯಾ' ಎಂದು ನಕ್ಕಿತು. ಹುಡುಗಿ ನೋಟುಬುಕ್ಕು ಅಲ್ಲೇ ಬಿಟ್ಟು ಎದ್ದುಹೋದಳು. ಮರುದಿನ ಬರಲಿಲ್ಲ.

ಆ ಸಂಜೆ ಬಾಯಿಯವರು ನೋಟುಬುಕ್ಕು ಪೂರಾ ಓದಿದರು. ವರ್ಗದಲ್ಲಿ ತನ್ನದೇ ವಾಕ್ಯ ಬರೆದವಳು ಅವಳೊಬ್ಬಳೇ. ತಾವೂ ಚಿಕ್ಕವರಿದ್ದಾಗ ಭಾತಂಬ್ರಾ ಊರಿನ ಸಾಲೆಯಲ್ಲಿ "ನಿಮ್ಮ ಮಂದಿಗಿ ಪಾಟಿ ಯಾಕ" ಎನ್ನಿಸಿಕೊಂಡು ಬೆಳೆದವರು ಅವರು. ಆ ಉರಿ ಗೊತ್ತಿತ್ತು. ಆದರೂ ಟೀಚರಾದವಳು ಹುಡುಗಿಯ ಮುಂದೆ ಹೇಗೆ ಬಾಗುವುದೆಂದು ಎಂಟು ದಿನ ಕಾದರು. ಕೊನೆಗೆ ಅವಳ ಮನೆಗೆ ಹೋದಾಗ ಅವಳಪ್ಪ ದತ್ತಾತ್ರಿ ಅಂದ: "ನೀವು ಹೇಳಿದಂಗೇ ಮಾಡೀವ್ರಿ ಟೀಚರ್. ಕಾಕಾನ ಹಿಂಡಿನ ಸಂಗಡ ಕಳಿಸೀವಿ. ಈಗ ಯಾವ ಊರಾಗ ಅದಾರೋ ನಮಗೂ ಗೊತ್ತಿಲ್ರಿ."

ಈ ಮೇ ತಿಂಗಳು ಜನವಾಡದ ಹತ್ತಿರ ಒಂದು ಹಿಂಡಿನಲ್ಲಿ ಅದೇ ಪ್ರಶ್ನೆ ಕೇಳಿದಾಗ, ಮರಿಗೆ ಹಾಲು ಕುಡಿಸುತ್ತಿದ್ದ ಹೆಂಗಸು ತಲೆ ಎತ್ತಿದಳು. "ನಾನೇ ರೀ."

ಬಾಯಿಯವರು ಚೀಲದಿಂದ ಹಳೆಯ ನೋಟುಬುಕ್ಕು ತೆಗೆದರು. "ತಪ್ಪಾಗ್ಯದವ್ವಾ."

"ಮರ್ತೀನಿ ಅಂದ್ರ ಸುಳ್ಳಾಗ್ತದ್ರಿ ಟೀಚರ್." ಆರು ವರ್ಷದ ಮಗಳನ್ನು ಮುಂದೆ ದಬ್ಬಿದಳು. "ಇಕಿಗಿ ಸಾಲಿಗಿ ಹಾಕಬೇಕ್ರಿ. ನಾವು ಹಿಂಡ ಬಿಟ್ಟು ಇರಂಗಿಲ್ಲ. ಊರಾಗ ಇರೂ ಅತ್ತಿ ಮುದುಕಿಗಿ ಕಣ್ಣು ಕಾಣಂಗಿಲ್ಲ. ನೋಡೋರು ಯಾರು?"

"ನನ್ನ ಮನಿಗಿ ಕಳಸು. ನಾ ನೋಡ್ತೇನಿ."

"ನಿಮ್ಮ ಮನಿಗಿ ಕಳಸಂಗಿಲ್ರಿ. ಬೇಕಂದ್ರ ನೀವೇ ಬಂದು ಇರ್ರಿ. ಕುರಿ ಕಾಯೋರ ಮನ್ಯಾಗ ಇರಲಾಕ ಆಗ್ತದ ಏನ್ರಿ ನಿಮಗ?"

ಸಾಲೆ ತೆರೆಯುವ ಎರಡು ದಿನ ಮೊದಲು ಬಾಯಿಯವರು ಮೈಲೂರಿನ ಮನೆಗೆ ಕೀಲಿ ಹಾಕಿದರು. ಪಕ್ಕದ ಮನೆಯ ರಹೀಮುನ್ನಿಸಾ ಓಡಿಬಂದಳು.

"ಯಾವಾಗ ಬರ್ತೀರಿ ಬಾಯಿ?"

"ಇನ್ನ ಬರಂಗಿಲ್ಲ ಆಪಾ. ಆ ಕೂಸಿನ ಸಾಲಿ ಮುಗಿಯೂತನ ನಾ ಇರ್ತೇನೋ ಇಲ್ಲೋ."

"ಅರೇ, ಎಷ್ಟು ಪುಣ್ಯಾ ಗಳಸ್ತೀರಿ!"

"ಪುಣ್ಯಾ ಅನಬ್ಯಾಡ್ರಿ" ಎಂದು ಬಾಯಿಯವರು ನಿಂತಲ್ಲೇ ಎಲ್ಲ ಹೇಳಿದರು. ವರ್ಗದಲ್ಲಿ ಅಂದ ಆ ಮಾತನ್ನೂ, ಎಂಟು ದಿನ ಕಾದಿದ್ದನ್ನೂ.

"ಮರುದಿನಾನೇ ಹೋಗಬೇಕಿತ್ತು ನೀವು" ಅಂದಳು ರಹೀಮುನ್ನಿಸಾ.

"ಹೌದು."

ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು ಬಾಯಿಯವರು ಮೆಟ್ಟಿಲಿಳಿದರು. ಔರಾದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಕೂತು ಹೋಗಿರೆಂದು ರಹೀಮುನ್ನಿಸಾ ಕರೆದರೂ ನಿಲ್ಲಲಿಲ್ಲ.