ಪಂಕ್ತಿಯಲ್ಲಿ ಕುಳಿತ ಡಿಲೈಟ್

ಬೆಳಗಾವಿ ಸೀಮೆಯಲ್ಲಿ ಇಂಗ್ಲಿಷ್ ಕಲಿಸಿದವರು ಅನೇಕರಿದ್ದಾರೆ. ಆ ಭಾಷೆಯ ಹಳೆಯ ಶಬ್ದಗಳನ್ನು ಕರೆದು ಊಟಕ್ಕೆ ಕೂರಿಸಿದವರು ಶ್ರೀಮತಿ ಪ್ರಮಿಳಾ ಕಣಬರಗಿಯವರೊಬ್ಬರೇ. ಖಾನಾಪುರದ ಹೈಸ್ಕೂಲಿನಲ್ಲಿ ಸೇವೆ ಆರಂಭಿಸಿ, ಬೆಳಗಾವಿಯಲ್ಲಿ ಮುಖ್ಯಾಧ್ಯಾಪಕಿಯಾಗಿ ಈ ತಿಂಗಳು ನಿವೃತ್ತರಾದ ಅವರನ್ನು ಎರಡೂ ಊರಿನ ಮಕ್ಕಳು ಕರೆಯುವುದು ‘ಅಕ್ಕೋರು’ ಎಂದೇ.

ಖಾನಾಪುರಕ್ಕೆ ಬಂದ ಹೊಸದರಲ್ಲಿ ಅವರಿಗೆ ಎರಡು ತೊಡಕು ಕಂಡವು. ನೈಟ್, ಲೈಟ್, ಥಾಟ್, ಡಾಟರ್ ಎಂಬ ಶಬ್ದಗಳೊಳಗೆ ಸದ್ದಿಲ್ಲದೆ ಕುಳಿತ ಅಕ್ಷರಗಳು ಮಕ್ಕಳಿಗೆ ತಲೆನೋವಾಗಿದ್ದವು. ಮಧ್ಯಾಹ್ನವಾದರೆ ಕನ್ನಡ ಮನೆಮಾತಿನವರು ಮಾವಿನ ಮರದ ಕೆಳಗೆ, ಮರಾಠಿಯವರು ಬಾವಿಯ ಬಾಜು ಉಣ್ಣುತ್ತಿದ್ದರು. ಎರಡಕ್ಕೂ ಅವರು ಒಂದೇ ಮದ್ದು ಹುಡುಕಿದರು. ಪ್ರತಿ ಮಗುವಿನ ಕೊರಳಿಗೆ ರಟ್ಟಿನ ಮೇಲೆ ಬರೆದ ಒಂದೊಂದು ಶಬ್ದ. ಜಿ, ಎಚ್, ಟಿ ಒಟ್ಟಿಗಿರುವ ಶಬ್ದಗಳೆಲ್ಲ ಒಂದು ಬಳಗ. ಮನೆಮಾತು ಯಾವುದಿದ್ದರೂ ಬಳಗದವರಿಗೆಲ್ಲ ಒಂದೇ ಪಂಕ್ತಿಯಲ್ಲಿ ಊಟ.

“ಸಾವಿರ ವರ್ಷದ ಹಿಂದ ಇಂಗ್ಲಿಷರು ಈ ಶಬ್ದಾನ ಗಂಟಲಿಂದ ಎಳದ ಅಂತಿದ್ರು. ಈಗ ಸಪ್ಪಳ ಹೋಗೇತಿ, ಮನಿತನದ ಗುರುತ ಉಳದೈತಿ” ಎನ್ನುತ್ತಿದ್ದರು ಅಕ್ಕೋರು.

ಪಾರಿಶ್ವಾಡದ ಕುರಿಗಾರ ರಾಯಪ್ಪ ತನ್ನ ಮಗಳು ಮಾಯಕ್ಕನನ್ನು ಶಾಲೆಗೆ ತಂದು ಬಿಟ್ಟದ್ದು ವರ್ಷದ ನಡುವೆ. “ಒಂದ ವಾರ ನೋಡ್ತೀನ್ರಿ ಅಕ್ಕೋರ. ಹುಡುಗಿಗೆ ಮನಸ ಹತ್ತಲಿಲ್ಲಂದ್ರ ಕುರಿ ಹಿಂದ ಕರ್ಕೊಂಡ ಹೊಕ್ಕೀನಿ” ಎಂದು ಆತ ಮೊದಲೇ ಹೇಳಿದ್ದ. ವಾರ ಮುಗಿಯುತ್ತ ಬಂದರೂ ಹುಡುಗಿ ತುಟಿ ಬಿಚ್ಚಲಿಲ್ಲ; ಗೋಡೆಗೆ ಮುಖ ಮಾಡಿ ಬುತ್ತಿ ಉಣ್ಣುತ್ತಿದ್ದಳು. ಕೊನೆಯ ದಿನ ಅಕ್ಕೋರು ಅವಸರದಲ್ಲಿ ಹೊಳೆದ ‘ಡಿಲೈಟ್’ ಎಂಬ ಶಬ್ದವನ್ನು ರಟ್ಟಿಗೆ ಬರೆದರು. “ಹಂಗಂದ್ರ ಆನಂದ” ಎಂದು ಅದನ್ನು ಆಕೆಯ ಕೊರಳಿಗೆ ಹಾಕಿ, ಪಂಕ್ತಿಯಲ್ಲಿ ಕೂರಿಸಿದರು.

ಮಾಯಕ್ಕ ರೊಟ್ಟಿ ಮುರಿದಳೋ ಇಲ್ಲವೋ, ತರಗತಿಯ ಜಾಣ ದಿಗಂಬರ ದಪ್ಪ ನಿಘಂಟು ಎತ್ತಿಕೊಂಡು ಬಂದ.

“ಅಕ್ಕೋರ, ಇದು ನಮ್ಮ ಬಳಗದ್ದ ಅಲ್ರಿ. ಫ್ರೆಂಚಿಂದ ಬಂದೈತಿ. ಲೈಟ್ ನೋಡಿ ಯಾರೋ ತಪ್ಪಾಗಿ ಜಿ-ಎಚ್ ಸೇರಿಸಿ ಬರದಾರ.”

ಅಕ್ಕೋರು ಓದಿ ನೋಡಿದರು. “ಖರೇ ಐತೋ. ತಪ್ಪ ನಂದು.”

ಮಾಯಕ್ಕ ಕೊರಳ ರಟ್ಟು ತೆಗೆದು, ಬುತ್ತಿಯ ಗಂಟು ಕಟ್ಟತೊಡಗಿದಳು. ಗೇಟಿನಾಚೆ ರಾಯಪ್ಪ ಆಗಲೇ ಬಂದು ನಿಂತಿದ್ದ. ತಾವೇ ಕೂರಿಸಿದ ಹುಡುಗಿ ತಮ್ಮ ಕಣ್ಣೆದುರೇ ಶಾಲೆ ಬಿಟ್ಟು ಹೊರಟಿದ್ದನ್ನು ಕಂಡು ಅಕ್ಕೋರು ಅಡ್ಡ ಬಂದು ನಿಂತರು.

“ಕುಂದರ ಮಾಯಕ್ಕ! ಉಣ್ಣಾಕ ಕುಂತವ್ರನ್ನ ನಮ್ಮ ಕಡೆ ಯಾರರೆ ಎಬ್ಬಸ್ತಾರೇನು? ಇಂಗ್ಲಿಷರಿಗೂ ತಪ್ಪು ತಿಳೀತು, ಆದ್ರ ಬರದ ಅಕ್ಷರ ಕಿತ್ತ ಒಗೀಲಿಲ್ಲ. ಇಟಕೊಂಡ್ರು.”

ದಿಗಂಬರ ತಲೆ ಕೆರೆದುಕೊಂಡ. “ಹಂಗಾದ್ರ ಫ್ರಾನ್ಸಿಂದ ಬಂದ ಪಾವಣ್ಯಾರಿಗೆ ಬಡಸೂದ ಯಾರ್ರಿ?”

“ತಕರಾರ ತಗದವ ಯಾರು? ನೀನ ಬಡಸು!”

ಪಂಕ್ತಿಯೆಲ್ಲ ಹೋ ಎಂದು ನಕ್ಕಿತು. ದಿಗಂಬರ ತನ್ನ ಡಬ್ಬಿಯ ಶೇಂಗಾ ಚಟ್ನಿ ಬಡಿಸಿದ. ಮಾಯಕ್ಕ ಬಾಯಿ ಬಿಟ್ಟಳು: “ಇಷ್ಟ ಏನೋ? ಜಿಪುಣ!” ಅದು ಆ ಶಾಲೆಯಲ್ಲಿ ಆಕೆಯ ಮೊದಲ ಮಾತು.

ಗೇಟಿನ ಬಳಿ ರಾಯಪ್ಪ ಕೇಳಿದ, “ಹೋಗೂಣೇನವಾ?”

“ನಾಳಿಗೆ ಅವ್ವಗ ಎರಡ ರೊಟ್ಟಿ ಹೆಚ್ಚಿಗಿ ಕಟ್ಟ ಅಂತ ಹೇಳಪಾ.”

ರಾಯಪ್ಪ ಒಬ್ಬನೇ ಕುರಿಯ ಹಿಂದೆ ಹೋದ.

ಮೊನ್ನೆ ಬೆಳಗಾವಿಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ಅಕ್ಕೋರು ವೇದಿಕೆಯ ಕುರ್ಚಿ ಬಿಟ್ಟು ಪಂಕ್ತಿಗೇ ಬಂದು ಕುಳಿತರು. ಎಲೆ ಹಾಕಿ ಆದ ಮೇಲೂ ಅವರ ಕಣ್ಣು ಬಾಗಿಲ ಕಡೆಗೇ. ದೇಸೂರ ರೈಲು ನಿಲ್ದಾಣದಲ್ಲಿ ಕೆಲಸ ಮಾಡುವ ಮಾಯಕ್ಕ ಬಂದಾಗ ಸಾಲು ಕಿಕ್ಕಿರಿದಿತ್ತು.

“ಗಾಡಿ ದಾಟಿಸಿ ಬರೂದ್ರಾಗ ತಡಾ ಆತ್ರಿ ಅಕ್ಕೋರ.”

“ಆಚಿ ಸರೀರಿ, ಸರೀರಿ! ಫ್ರಾನ್ಸಿನವ್ರು ಬಂದ್ರು!” ಎಂದು ಕೂಗಿದವರು ಈಗ ವಕೀಲರಾಗಿರುವ ದಿಗಂಬರ; ಚಟ್ನಿಯ ಪಾತ್ರೆ ಆಗಲೇ ಅವರ ಕೈಯಲ್ಲಿತ್ತು.

ಅಕ್ಕೋರು ಈಗ ಬರೆಯುವ ರೈಟ್, ರಾಂಗ್, ರಿಸ್ಟ್ ಎಂಬ ಡಬ್ಲ್ಯು-ಆರ್ ಬಳಗಕ್ಕೆ ಮನೆಯಲ್ಲಿ ರಟ್ಟು ಕತ್ತರಿಸುತ್ತಿದ್ದಾರೆ. ಆ ಕೈಗೆ ಕಸುವು, ಅವರಿಗೆ ನೂರು ವರ್ಷದ ಆಯುಷ್ಯ ಒದಗಲಿ. ಅವರ ಪಂಕ್ತಿ ಉದ್ದವಾಗುತ್ತಲೇ ಹೋಗಲಿ. ತಡವಾಗಿ ಬಂದವರಿಗೂ ಅಲ್ಲೊಂದು ಎಲೆ ಇರಲಿ.