ಒಂದಿಂಚು ಐದು ಸೆಂಟು

ಮಲ್ಲಂದೂರಿನ ಎಸ್ಟೇಟ್ ಆಫೀಸಿನಲ್ಲಿ ಮಳೆಯ ಲೆಕ್ಕವನ್ನು ನಾನು ವರ್ಷಕ್ಕೊಂದು ಟೆಕ್ಸ್ಟ್ ಫೈಲಿನಲ್ಲಿ ಇಡುತ್ತಿದ್ದೆ. ಕಾಫಿ ಅರಳಿಸುವ ಹೂಮಳೆ ಯಾವ ಯಾವ ವರ್ಷ ಒಂದೂಕಾಲು ಇಂಚು ದಾಟಿತೆಂದು ತೋಟದ ಸಾಹುಕಾರರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಒಂದೊಂದೇ ಫೈಲು ತೆರೆದು ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಸಾಕಾಗಿ, ಲೆಕ್ಕವನ್ನೆಲ್ಲ ಟೇಬಲ್ಲಿನಲ್ಲಿಟ್ಟು ಪ್ರಶ್ನೆ ಕೇಳುವ ಕಂಪ್ಯೂಟರ್ ಭಾಷೆ ಎಸ್‌ಕ್ಯೂಎಲ್ ಕಲಿಯಲು ಕೂತೆ.

ಟೇಬಲ್ ಮಾಡುವಾಗ ಯಾವ ಕಾಲಮ್ಮಿನಲ್ಲಿ ಏನಿರುತ್ತದೆಂದು ಮೊದಲೇ ಹೇಳಬೇಕು. ಆಗ ಫೈಲಿನಲ್ಲಿ ನಾನೇ ಬರೆದಿದ್ದ 1.5 ಎಂಬುದರ ಮೇಲೆ ನನಗೇ ಅನುಮಾನ ಬಂತು. ದಿನವೂ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ರೈಟರನ್ನು ಕೇಳಿದೆ.

"ಒಂದೂವರೆ ಅಲ್ಲ ಮಾರಾಯ, ಒಂದಿಂಚು ಐದು ಸೆಂಟು. ಇಂಚಿಗೆ ನೂರು ಸೆಂಟು ಅಲ್ವಾ?" ಎಂದರು.

ಇಷ್ಟು ವರ್ಷ ಆ ಫೈಲುಗಳು ತುಟಿಪಿಟಕ್ಕೆನ್ನದೆ, 1.05 ಎನ್ನಬೇಕಾದಲ್ಲಿ 1.5 ಎಂದು ಬರೆದ ನನ್ನ ತಪ್ಪನ್ನು ನುಂಗಿಕೊಂಡಿದ್ದವು.

ಇಂಚಿಗೊಂದು, ಸೆಂಟಿಗೊಂದು ಕಾಲಂ ಮಾಡಿ, ಮಳೆ ಪುಸ್ತಕ ನೋಡಿ ಎಲ್ಲವನ್ನೂ ಮತ್ತೆ ತುಂಬಿದೆ. ಸಾಹುಕಾರರ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದು ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ವರ್ಷಗಳ ಪಟ್ಟಿ ಬಂತು. ಅವರು ಪುಸ್ತಕ ತರಿಸಿ ಒಂದೊಂದನ್ನೂ ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ.

ಸಾಹುಕಾರರು ಕೂಡಲೇ ಪಕ್ಕದ ಎಸ್ಟೇಟಿನವರಿಗೆ ಫೋನ್ ಮಾಡಿದರು: "ಹೂಮಳೆ ವಿಷ್ಯದಲ್ಲಿ ಇನ್ನು ನಮ್ಮ ಹತ್ರ ವಾದ ಬೇಡ. ಯಾವ ವರ್ಷದ್ದು ಬೇಕು, ಕೇಳಿ."